ಡಾಸ್ ಎದ್ದಿತು, ಕನ್ನಡ ಏಳಲಿಲ್ಲ

ಇವತ್ತಿನ ಕಥೆ ಒಂದು ಫ್ಲಾಪಿಯಿಂದ ಶುರು. ನಮ್ಮೂರಿನ ಸಹಕಾರ ಸಂಘದ ಹಳೇ ಸದಸ್ಯರ ಪಟ್ಟಿ ಅದರಲ್ಲಿತ್ತು. ಕಾಗದದ ರಿಜಿಸ್ಟರನ್ನ ಗೆದ್ದಲು ತಿಂದಾಗಿದೆ. ನಮ್ಮಜ್ಜಿ ಕಮಲ 1993ರಲ್ಲಿ ಷೇರು ತಗೊಂಡಿದ್ದಕ್ಕೆ ಉಳಿದಿರೋ ದಾಖಲೆ ಅದೊಂದೇ. "ಬಿಕಾಂ ಓದಿದೀಯಲ್ಲ, ನೋಡು" ಅಂತ ನನ್ನ ಕೈಗೆ ಕೊಟ್ಟರು.

ಅದು ಡಿಬೇಸ್ ಫೈಲು. ಮೌಸ್ ಇಲ್ಲದೆ, ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿ ನಡೆಸುತ್ತಿದ್ದ ಡಾಸ್ ಕಾಲದ ಸಾಫ್ಟ್‌ವೇರ್. ನನ್ನ ಲ್ಯಾಪ್‌ಟಾಪ್ ಅದನ್ನ ಮುಟ್ಟಲೇ ಇಲ್ಲ. ಯಾಕಂದ್ರೆ 64-ಬಿಟ್ ವಿಂಡೋಸ್‌ನಲ್ಲಿ ಡಾಸ್‌ನ 16-ಬಿಟ್ ಪ್ರೋಗ್ರಾಂ ಓಡಲ್ಲ. ಅದಕ್ಕೆ ಡಾಸ್‌ಬಾಕ್ಸ್ ಬೇಕು. 2002ರಿಂದ ಉಚಿತವಾಗಿ ಸಿಗೋ ಈ ಪ್ರೋಗ್ರಾಂ ಒಂದು ಇಡೀ ಹಳೇ ಪಿಸಿಯ ವೇಷ ಹಾಕುತ್ತೆ. ಹತ್ತೇ ನಿಮಿಷದಲ್ಲಿ ಡಿಬೇಸ್ ಎದ್ದು ಕೂತಿತು.

ಅಂಕಿಗಳೆಲ್ಲ ಸರಿ. ಆದರೆ ಹೆಸರಿನ ಜಾಗದಲ್ಲಿ ಬರೀ ಗೆರೆ, ಚೌಕಟ್ಟಿನ ಮೂಲೆಗಳು!

ಕಾರಣ ಹುಡುಕಿದಾಗ ಸಿಕ್ಕಿದ್ದು ಜಿಸ್ಟ್ ಕಾರ್ಡ್. ಕಾನ್ಪುರದ ಐಐಟಿಯಲ್ಲಿ ಶುರುವಾಗಿ, ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ತಂತ್ರಜ್ಞಾನ ಇದು. ಆ ಕಾಲದ ಪಿಸಿಗೆ ಕನ್ನಡ ಬರ್ತಿರಲಿಲ್ಲ. ಈ ಕಾರ್ಡನ್ನ ಒಳಗೆ ಸಿಕ್ಕಿಸಿದರೆ, ಇಂಗ್ಲಿಷಿಗೆ ಅಂತ ಬರೆದ ಡಿಬೇಸ್‌ನಲ್ಲೂ ಕನ್ನಡ ಮೂಡುತ್ತಿತ್ತು. ಅಂದರೆ ಕನ್ನಡ ಇದ್ದದ್ದು ಸಾಫ್ಟ್‌ವೇರ್‌ನಲ್ಲಲ್ಲ, ಆ ಕಾರ್ಡಿನಲ್ಲಿ. ಡಾಸ್‌ಬಾಕ್ಸ್ ಪಿಸಿಯ ವೇಷ ಹಾಕುತ್ತೆ, ಜಿಸ್ಟ್ ಕಾರ್ಡಿನ ವೇಷ ಹಾಕಲ್ಲ.

ಹಾಗಾದ್ರೆ ಹೆಸರುಗಳು ಹೋದವಾ? ಇಲ್ಲ. ಜಿಸ್ಟ್ ಬಳಸಿದ್ದು ಇಸ್ಕಿ ಅನ್ನೋ ಸಂಕೇತ ಪದ್ಧತಿ. 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಅದರಲ್ಲಿ 'ಕ' ಅಕ್ಷರಕ್ಕೆ 179, 'ಮ'ಕ್ಕೆ 204, 'ಲ'ಕ್ಕೆ 209. ಕನ್ನಡ, ತೆಲುಗು, ದೇವನಾಗರಿ ಎಲ್ಲಕ್ಕೂ ಅದೇ ಸಂಖ್ಯೆ. ಡಾಸ್‌ನ ಸ್ವಂತ ಪಟ್ಟಿಯಲ್ಲಿ 179 ಅಂದರೆ ಒಂದು ನೆಟ್ಟನೆಯ ಗೆರೆ. ನಾನು ನೋಡಿದ ಗೆರೆ ಅಜ್ಜಿ ಹೆಸರಿನ 'ಕ'!

ಆಮೇಲೆ ಬಂದ ಯೂನಿಕೋಡ್ ನಮ್ಮ ಲಿಪಿಗಳ ಜೋಡಣೆಗೆ ಇಸ್ಕಿಯನ್ನೇ ಆಧಾರ ಮಾಡಿಕೊಂಡಿತು. ಹಾಗಾಗಿ ಆ ಸಂಖ್ಯೆಗಳನ್ನ ಇವತ್ತಿನ ಕನ್ನಡಕ್ಕೆ ತಿರುಗಿಸೋಕೆ ಪುಟ್ಟ ಪ್ರೋಗ್ರಾಂ ಸಾಕಾಯಿತು. ವಿಂಡೋಸ್ ಬಂದಮೇಲೆ ಒಂದೊಂದು ಕಂಪನಿಯ ಫಾಂಟಿಗೂ ಒಂದೊಂದು ಗುಟ್ಟಿನ ಸಂಕೇತ ಇದ್ದ ಕಾಲದ ಫೈಲುಗಳು ಇದಕ್ಕಿಂತ ಹೆಚ್ಚು ಕಾಡ್ತವೆ. ಫಾಂಟ್ ಕಳೆದುಹೋದರೆ ಬೀಗದ ಕೈ ಕಳೆದ ಹಾಗೆ. ಇಲ್ಲಿ ಕಾರ್ಡ್ ಹೋದರೂ ಕೈ ಎಲ್ಲರಿಗೂ ಸಿಗೋ ಹಾಗೆ ಅಚ್ಚಾಗಿತ್ತು.

ಪಟ್ಟಿ ಪ್ರಿಂಟ್ ಮಾಡಿ ಸಂಘಕ್ಕೆ ಕೊಟ್ಟಿದ್ದೀನಿ. ಷೇರು ಹತ್ತು ರೂಪಾಯಿಯದು, ಅಜ್ಜಿ ಈಗಿಲ್ಲ. ಆದ್ರೂ ಸದಸ್ಯರ ಸಾಲಿನಲ್ಲಿ ಕಮಲ ಅಂತ ಹೆಸರಿದೆ. ನಿಮ್ಮ ಅಟ್ಟದ ಮೇಲೆ ಫ್ಲಾಪಿ ಇದ್ರೆ ಎಸೆಯಬೇಡಿ, ಮೊದಲು ಒಂದು ಕಾಪಿ ತೆಗೀರಿ. ಗೆದ್ದಲು ತಿನ್ನದಿದ್ರೂ ಅದಕ್ಕೆ ಬೂಷ್ಟು ಹಿಡಿಯುತ್ತೆ.