ಮಧುಮೇಹಿಗಳಲ್ಲಿ ಅಡ್ರಿನಲ್ ಹಾರ್ಮೋನಿನ ಕೊರತೆ: ಸಾರ್ವಜನಿಕರಿಗೆ ಮಾಹಿತಿ

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳಲ್ಲಿ ಮಧುಮೇಹಕ್ಕೆ (ಸಕ್ಕರೆ ಕಾಯಿಲೆ) ಚಿಕಿತ್ಸೆ ಪಡೆಯುತ್ತಿರುವವರ ಹಾಗೂ ಅವರ ಕುಟುಂಬದವರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಕಾಯಿಲೆಯ ಸ್ವರೂಪ

ಎರಡೂ ಮೂತ್ರಪಿಂಡಗಳ ಮೇಲ್ಭಾಗದಲ್ಲಿ ಅಡ್ರಿನಲ್ ಎಂಬ ಚಿಕ್ಕ ಗ್ರಂಥಿಗಳಿರುತ್ತವೆ. ಇವು ಸ್ರವಿಸುವ ಕಾರ್ಟಿಸೋಲ್ ಹಾರ್ಮೋನು ರಕ್ತದ ಸಕ್ಕರೆ ಹಾಗೂ ರಕ್ತದೊತ್ತಡ ಕುಸಿಯದಂತೆ ಕಾಪಾಡುತ್ತದೆ. ಆಲ್ಡೋಸ್ಟೀರೋನ್ ಹಾರ್ಮೋನು ದೇಹದಲ್ಲಿ ಉಪ್ಪಿನಂಶವನ್ನು ಉಳಿಸುತ್ತದೆ. ಗ್ರಂಥಿಯೇ ಹಾಳಾಗಿ ಇವುಗಳ ಕೊರತೆ ಉಂಟಾಗುವುದನ್ನು 1855ರಲ್ಲಿ ವಿವರಿಸಿದ ವೈದ್ಯ ಥಾಮಸ್ ಅಡಿಸನ್ ಅವರ ಹೆಸರಿನಿಂದ ಅಡಿಸನ್ ಕಾಯಿಲೆ ಎಂದು ಕರೆಯಲಾಗುತ್ತದೆ.

ಇದು ಅಪರೂಪದ ಕಾಯಿಲೆ. ಎಲ್ಲ ಮಧುಮೇಹಿಗಳಿಗೂ ಇದರ ಪರೀಕ್ಷೆ ಅಗತ್ಯವಿಲ್ಲ. ಆದರೆ ಗುರುತಿಸದೆ ಉಳಿದಲ್ಲಿ ಪ್ರಾಣಾಪಾಯ ಸಂಭವಿಸಬಹುದು.

ಕಾರಣಗಳು

1. ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯನ್ನು ನಾಶಪಡಿಸುವುದು. ಒಂದನೇ ವಿಧದ ಮಧುಮೇಹವೂ ಇದೇ ರೀತಿಯಲ್ಲಿ ಉಂಟಾಗುವುದರಿಂದ ಅಂಥವರಲ್ಲಿ ಈ ಸಾಧ್ಯತೆ ಹೆಚ್ಚು.
2. ಕ್ಷಯರೋಗವು ಗ್ರಂಥಿಗೆ ಹರಡುವುದು.
3. ಉಬ್ಬಸ, ಕೀಲುನೋವು ಮುಂತಾದವುಗಳಿಗೆ ಹಲವು ವಾರಗಳ ಕಾಲ ಸೇವಿಸಿದ ಸ್ಟೀರಾಯ್ಡ್ ಔಷಧಿಯನ್ನು ಹಠಾತ್ತನೆ ನಿಲ್ಲಿಸುವುದು. ಹೆಸರು ನಮೂದಿಸದ ನೋವಿನ ಪುಡಿ, ಮಾತ್ರೆಗಳಲ್ಲಿಯೂ ಸ್ಟೀರಾಯ್ಡ್ ಬೆರೆತಿರಬಹುದು.

ಗಮನಿಸಬೇಕಾದ ಲಕ್ಷಣಗಳು

ಊಟ ಹಾಗೂ ಔಷಧಿಯಲ್ಲಿ ಬದಲಾವಣೆ ಇಲ್ಲದಿದ್ದರೂ ರಕ್ತದ ಸಕ್ಕರೆ ಪದೇ ಪದೇ 70 ಮಿಲಿಗ್ರಾಂಗಿಂತ (ಪ್ರತಿ ಡೆಸಿಲೀಟರಿಗೆ) ಕೆಳಗಿಳಿಯುವುದು ಹಾಗೂ ಇನ್ಸುಲಿನ್ ಅಗತ್ಯ ಕಡಿಮೆಯಾಗುತ್ತಾ ಹೋಗುವುದು ಮುಖ್ಯ ಸೂಚನೆ. ಇದನ್ನು ಸಕ್ಕರೆ ಕಾಯಿಲೆ ವಾಸಿಯಾದ ಗುರುತೆಂದು ಅನೇಕರು ಸಂತೋಷಪಡುತ್ತಾರೆ. ಇದು ತಪ್ಪು ತಿಳುವಳಿಕೆ. ಮೂತ್ರಪಿಂಡದ ವೈಫಲ್ಯದಿಂದಲೂ ಹೀಗಾಗಬಹುದಾದ್ದರಿಂದ ವೈದ್ಯರ ತಪಾಸಣೆ ಅಗತ್ಯ.

ಇದರೊಂದಿಗೆ ವಿಪರೀತ ಸುಸ್ತು, ತೂಕ ಇಳಿಯುವುದು, ಎದ್ದುನಿಂತಾಗ ತಲೆಸುತ್ತು, ವಾಕರಿಕೆ, ಹೊಟ್ಟೆನೋವು, ಉಪ್ಪು ತಿನ್ನುವ ಬಯಕೆ ಕಂಡುಬರಬಹುದು. ಅಡಿಸನ್ ಕಾಯಿಲೆಯಲ್ಲಿ ವಸಡು, ಅಂಗೈ ಗೆರೆ ಹಾಗೂ ಬೆರಳ ಗೆಣ್ಣುಗಳು ಕಪ್ಪಾಗುತ್ತವೆ. ಬಿಸಿಲಿನಲ್ಲಿ ದುಡಿಯುವವರಲ್ಲಿ ಈ ಬದಲಾವಣೆ ಗಮನಕ್ಕೆ ಬಾರದೆ ಹೋಗಬಹುದು.

ಪರೀಕ್ಷೆ ಮತ್ತು ಚಿಕಿತ್ಸೆ

ಬೆಳಿಗ್ಗೆ ಸುಮಾರು 8 ಗಂಟೆಗೆ ರಕ್ತದ ಕಾರ್ಟಿಸೋಲ್ ಪ್ರಮಾಣವನ್ನು ಪರೀಕ್ಷಿಸಲಾಗುತ್ತದೆ. ಸೋಡಿಯಂ, ಪೊಟ್ಯಾಸಿಯಂ ಪ್ರಮಾಣವನ್ನೂ ನೋಡಲಾಗುತ್ತದೆ. ಸಂಶಯ ಉಳಿದಲ್ಲಿ ಚುಚ್ಚುಮದ್ದು ನೀಡಿ ಗ್ರಂಥಿಯ ಸಾಮರ್ಥ್ಯವನ್ನು ಅಳೆಯಲಾಗುತ್ತದೆ.

ಕೊರತೆ ಇರುವ ಹಾರ್ಮೋನನ್ನು ಹೈಡ್ರೋಕಾರ್ಟಿಸೋನ್ ಮುಂತಾದ ಮಾತ್ರೆಗಳ ಮೂಲಕ ನೀಡಲಾಗುತ್ತದೆ. ಅಡಿಸನ್ ಕಾಯಿಲೆಯವರು ಇದನ್ನು ಜೀವನಪರ್ಯಂತ ಸೇವಿಸಬೇಕಾಗುತ್ತದೆ. ಚಿಕಿತ್ಸೆ ಆರಂಭವಾದ ನಂತರ ರಕ್ತದ ಸಕ್ಕರೆ ಮತ್ತೆ ಏರುವುದು ನಿರೀಕ್ಷಿತ. ಈ ಕಾರಣಕ್ಕೆ ಮಾತ್ರೆ ಬಿಡಬಾರದು. ಇನ್ಸುಲಿನ್ ಪ್ರಮಾಣವನ್ನು ವೈದ್ಯರು ಸರಿಹೊಂದಿಸುತ್ತಾರೆ.

ರೋಗಿಗಳು ಪಾಲಿಸಬೇಕಾದ ಸೂಚನೆಗಳು

1. ಸ್ಟೀರಾಯ್ಡ್ ಮಾತ್ರೆಯನ್ನಾಗಲಿ, ಇನ್ಸುಲಿನ್ ಅನ್ನಾಗಲಿ ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.
2. ಜ್ವರ ಬಂದಾಗ ಮಾತ್ರೆಯ ಪ್ರಮಾಣವನ್ನು ಸಾಮಾನ್ಯವಾಗಿ ಎರಡು ಪಟ್ಟು ಹೆಚ್ಚಿಸಬೇಕಾಗುತ್ತದೆ. ಈ ಕುರಿತು ವೈದ್ಯರಿಂದ ಮುಂಚಿತವಾಗಿ ಲಿಖಿತ ಸೂಚನೆ ಪಡೆದಿರಬೇಕು.
3. ವಾಂತಿಯಿಂದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದಲ್ಲಿ, ಪ್ರಜ್ಞೆ ಮಸುಕಾದಲ್ಲಿ ಅಥವಾ ರಕ್ತದೊತ್ತಡ ಕುಸಿದಲ್ಲಿ ತಡಮಾಡದೆ 108 ಆಂಬ್ಯುಲೆನ್ಸ್‌ಗೆ ಕರೆ ಮಾಡಬೇಕು. ವಯಸ್ಕರಿಗೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು ಹಾಗೂ ಸಲೈನ್ ತುರ್ತಾಗಿ ಬೇಕಾಗುತ್ತದೆ.
4. ವ್ರತ, ಉಪವಾಸ ಕೈಗೊಳ್ಳುವ ಮುನ್ನ ಹಾಗೂ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರಿಗೆ ತಿಳಿಸಬೇಕು.
5. ಕಾಯಿಲೆಯ ಹೆಸರು ಹಾಗೂ ಮಾತ್ರೆಯ ವಿವರ ಬರೆದ ಚೀಟಿಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು.

ಸೇವೆ ಪಡೆಯುವ ವಿಧಾನ

ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯ ವೈದ್ಯರನ್ನು ಕಾಣಬೇಕು. ಹೆಚ್ಚಿನ ಪರೀಕ್ಷೆ ಬೇಕಾದಲ್ಲಿ ಅಲ್ಲಿಂದ ಶಿಫಾರಸು ಪತ್ರ ಪಡೆದು ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ ಅಥವಾ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ ತೆರಳಬಹುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಸೌಲಭ್ಯ ಕೋರುವವರು ಆಧಾರ್ ಕಾರ್ಡ್ ಹಾಗೂ ಪಡಿತರ ಚೀಟಿಯನ್ನು ತರತಕ್ಕದ್ದು. ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರಕ್ಕಾಗಿ ಕಾಯುವ ಅಗತ್ಯವಿಲ್ಲ.

ತಪಾಸಣೆಗೆ ಬರುವಾಗ ಈ ಕೆಳಕಂಡವುಗಳನ್ನು ತರುವುದು:
• ಹಿಂದಿನ ಚಿಕಿತ್ಸೆಯ ಚೀಟಿಗಳು
• ಮನೆಯಲ್ಲಿ ಬರೆದಿಟ್ಟ ಸಕ್ಕರೆ ಪ್ರಮಾಣದ ವಿವರ
• ಸೇವಿಸುತ್ತಿರುವ ಎಲ್ಲ ಮಾತ್ರೆ, ಪುಡಿಗಳು (ಹೆಸರಿಲ್ಲದವೂ ಸೇರಿದಂತೆ)