ಸೈಕ್ಲೋಸ್ಟೈಲ್ ಮಸಿ ಮತ್ತು ಬೀಜಿಂಗ್‌ನ ಹುಡುಗರು



ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಮಸಿವಾಸನೆ ನಿಮ್ಮಲ್ಲಿ ಹಲವರಿಗೆ ಇನ್ನೂ ನೆನಪಿರಬಹುದು. ಮೇಣದ ಹಾಳೆಯ ಮೇಲೆ ಉಕ್ಕಿನ ಮೊನೆಯಿಂದ ಬರೆದು, ಮಸಿ ಸವರಿ, ರೋಲರ್ ಉರುಳಿಸಿ ಒಂದೊಂದೇ ಪ್ರತಿ ತೆಗೆಯುತ್ತಿದ್ದೆವು. ನಾವು ಆ ಸಲಕರಣೆಯಿಂದ ಪ್ರಶ್ನೆಪತ್ರಿಕೆ ಮುದ್ರಿಸುತ್ತಿದ್ದ ಕಾಲದಲ್ಲೇ ಚೀನಾದ ಕೆಲವು ಯುವಕರು ಅಂಥದೇ ಸಲಕರಣೆಯಿಂದ ಕಾವ್ಯವನ್ನು ಮುದ್ರಿಸಿದರು. ಅವರ ಕಥೆಯನ್ನು ಇಂದು ಹೇಳಬೇಕೆನಿಸಿದೆ.

1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಆರಂಭವಾದಾಗ ಚೀನಾದ ಶಾಲಾಕಾಲೇಜುಗಳ ಪಾಠಪ್ರವಚನ ನಿಂತಿತು. 1968ರ ಅಂತ್ಯದಿಂದ ನಗರದ ವಿದ್ಯಾವಂತ ತರುಣರನ್ನು ಹಳ್ಳಿಗಳಿಗೆ ಕಳುಹಿಸುವ ಕಾರ್ಯ ವ್ಯಾಪಕವಾಗಿ ನಡೆಯಿತು. ಹೀಗೆ ಹೋದವರ ಸಂಖ್ಯೆ ಒಟ್ಟು ಸುಮಾರು 1.7 ಕೋಟಿ. ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಮತ್ತೆ ನಡೆದದ್ದು 1977ರಲ್ಲಿ. ಒಂದು ಇಡೀ ಪೀಳಿಗೆ ಗುರುಗಳಿಲ್ಲದೆ ಬೆಳೆಯಿತು. ಆದರೂ ಅವರು ಓದುವುದನ್ನು ಬಿಡಲಿಲ್ಲ. ಅಧಿಕಾರಿಗಳ ಉಪಯೋಗಕ್ಕೆಂದೇ ಮಿತವಾಗಿ ಅಚ್ಚಾಗಿದ್ದ ವಿದೇಶಿ ಕೃತಿಗಳ ಅನುವಾದಗಳು ಗುಟ್ಟಾಗಿ ಕೈಯಿಂದ ಕೈಗೆ ಸಾಗಿದವು. ಅಚ್ಚಾಗಲಾರದ ಕವಿತೆಗಳನ್ನು ನೋಟುಪುಸ್ತಕಗಳಲ್ಲಿ ನಕಲು ಮಾಡಿಕೊಂಡರು.

ಅಂಥವರಲ್ಲಿ ಇಬ್ಬರು ಬೇ ದಾವ್ ಮತ್ತು ಮಾಂಗ್ ಕೆ. 1949ರಲ್ಲಿ ಜನಿಸಿದ ಬೇ ದಾವ್ ಕಟ್ಟಡ ಕೆಲಸದ ಕಾರ್ಮಿಕ. ಮಾಂಗ್ ಕೆ ಬಾಯ್‌ಯಾಂಗ್ ಕೆರೆಯ ಸೀಮೆಯ ಹಳ್ಳಿಯೊಂದರಲ್ಲಿ ವರ್ಷಗಳನ್ನು ಕಳೆದವನು. ಇವರೂ ಗೆಳೆಯರೂ ಸೇರಿ, ಪರದೆ ಎಳೆದ ಕೋಣೆಯೊಂದರಲ್ಲಿ ಹಗಲಿರುಳು ದುಡಿದು ಒಂದು ಪತ್ರಿಕೆಯನ್ನು ಮುದ್ರಿಸಿದರು. ಅದರ ಹೆಸರು 'ಜಿನ್‌ತಿಯಾನ್', ಎಂದರೆ 'ಇಂದು'. 1978ರ ಡಿಸೆಂಬರ್ 23ರಂದು ಸೈಕಲ್ಲೇರಿ ಹೊರಟು ಬೀಜಿಂಗ್‌ನ ಗೋಡೆಗಳಿಗೆ ಅದರ ಹಾಳೆಗಳನ್ನು ಅಂಟಿಸಿದರು. ಆ ದಿನಗಳಲ್ಲಿ ಶೀದಾನ್ ಬಡಾವಣೆಯ ಗೋಡೆಯೊಂದು ಜನರ ಬರಹಗಳಿಂದ ತುಂಬಿ 'ಪ್ರಜಾಪ್ರಭುತ್ವದ ಗೋಡೆ' ಎನಿಸಿತ್ತು. ಪೊಲೀಸರಿಗೆ ಗುರುತು ಸಿಗದಿರಲೆಂದು ಸೈಕಲ್ಲಿನ ನಂಬರನ್ನೂ ತಿದ್ದಿಕೊಂಡಿದ್ದರಂತೆ. ಒಂದು ಕವಿತೆಗಾಗಿ ಇಷ್ಟೊಂದು ಎಚ್ಚರ!

ಚಿತ್ರಕಾರರೂ ಹಿಂದುಳಿಯಲಿಲ್ಲ. ಹುವಾಂಗ್ ರುಯಿ, ಮಾ ದಶಂಗ್, ವಾಂಗ್ ಕೆಪಿಂಗ್, ಐ ವೇಯ್‌ವೇಯ್ ಮೊದಲಾದವರು 'ನಕ್ಷತ್ರಗಳು' ಎಂಬ ಹೆಸರಿನಲ್ಲಿ ಒಂದುಗೂಡಿದರು. ಇವರಲ್ಲಿ ಹೆಚ್ಚಿನವರು ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಪ್ರದರ್ಶನಕ್ಕೆ ಸ್ಥಳ ದೊರೆಯದಿರಲು, 1979ರ ಸೆಪ್ಟೆಂಬರ್ 27ರಂದು ರಾಷ್ಟ್ರೀಯ ಕಲಾಭವನದ ಹೊರಗಣ ಕಬ್ಬಿಣದ ಬೇಲಿಗೇ ಚಿತ್ರಗಳನ್ನು ತೂಗುಹಾಕಿದರು. ವಾಂಗ್ ಕೆಪಿಂಗ್ ಕೆತ್ತಿದ 'ಮೌನ' ಎಂಬ ಮರದ ಶಿರದ ಬಾಯಿಗೆ ಬೆಣೆ ಜಡಿದಂತಿತ್ತು. ಅದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡೇ ದಿನಗಳಲ್ಲಿ ಪೊಲೀಸರು ಪ್ರದರ್ಶನವನ್ನು ನಿಲ್ಲಿಸಿದರು. ಅಕ್ಟೋಬರ್ 1ರಂದು, ಗಣರಾಜ್ಯಕ್ಕೆ ಮೂವತ್ತು ತುಂಬಿದ ದಿನ, ಕಲಾವಿದರು ಮೆರವಣಿಗೆ ಹೊರಟರು. ಕಾಲು ಸ್ವಾಧೀನವಿಲ್ಲದ ಮಾ ದಶಂಗ್ ಊರುಗೋಲುಗಳನ್ನೂರಿಕೊಂಡು ಅವರೊಡನೆ ನಡೆದನು.

ಸರಕಾರದ ವರ್ತನೆ ಒಂದೇ ತೆರನಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಬೇ ದಾವ್‌ನ ಕವಿತೆಯೊಂದನ್ನು 1979ರಲ್ಲಿ ಸರಕಾರದ್ದೇ ಕಾವ್ಯಪತ್ರಿಕೆ ಪ್ರಕಟಿಸಿತು. 1980ರ ಆಗಸ್ಟ್‌ನಲ್ಲಿ 'ನಕ್ಷತ್ರಗಳು' ಅದೇ ಕಲಾಭವನದ ಒಳಗೆ ಪ್ರದರ್ಶನ ನಡೆಸಿದರು, ಜನ ಕಿಕ್ಕಿರಿದು ಬಂದರು. ಆದರೆ ಅಷ್ಟರಲ್ಲಿ ಶೀದಾನ್ ಗೋಡೆಯನ್ನು ಮುಚ್ಚಿಯಾಗಿತ್ತು. ಒಂಬತ್ತು ಸಂಚಿಕೆ ಕಂಡ 'ಇಂದು' ಪತ್ರಿಕೆಯೂ 1980ರಲ್ಲಿ ನಿಂತಿತು. ಮುಂದೆ 1990ರಲ್ಲಿ ಅದು ವಿದೇಶದಲ್ಲಿ ಪುನಃ ಹುಟ್ಟಿತು.

ಮುಂದಿನ ಪೀಳಿಗೆ ಸಂಗೀತದ ದಾರಿ ಹಿಡಿಯಿತು. 1986ರಲ್ಲಿ ತ್ಸುಯ್ ಜಿಯೆನ್ ಎಂಬ ತುತ್ತೂರಿವಾದಕ ಬೀಜಿಂಗ್‌ನ ವೇದಿಕೆಯೊಂದರಲ್ಲಿ ಹಾಡಿ, ಚೀನಾದ ರಾಕ್ ಸಂಗೀತಕ್ಕೆ ಮೂಲಪುರುಷನೆನಿಸಿದನು. 1990ರ ದಶಕದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಪಾಶ್ಚಾತ್ಯ ಕಂಪನಿಗಳು ಮಾರಾಟವಾಗದ ಕ್ಯಾಸೆಟ್ಟು, ಸಿಡಿಗಳ ಅಂಚನ್ನು ಕತ್ತರಿಸಿ ಪ್ಲಾಸ್ಟಿಕ್ ಕಸವೆಂದು ವಿಲೇವಾರಿ ಮಾಡುತ್ತಿದ್ದವು. ಕರಗಿಸಲೆಂದು ಚೀನಾಕ್ಕೆ ಬಂದ ಆ ಕಸ ಬೀದಿಯ ಅಂಗಡಿಗಳನ್ನು ಸೇರಿತು. ಸಿಡಿಯನ್ನು ಯಂತ್ರ ಓದುವುದು ಒಳಗಿನಿಂದ ಹೊರಕ್ಕೆ. ಆದುದರಿಂದ ಅಂಚು ಹರಿದರೆ ನಷ್ಟವಾಗುವುದು ಕೊನೆಯ ಹಾಡುಗಳು ಮಾತ್ರ. ಕ್ಯಾಸೆಟ್ಟಿನ ತುಂಡಾದ ಪಟ್ಟಿಯನ್ನು ಅಂಟಿಸಿದರಾಯಿತು. ಈ ಕಚ್ಚು ಬಿದ್ದ ಸರಕಿನಿಂದಲೇ ಜಗತ್ತಿನ ಸಂಗೀತವನ್ನು ಕಲಿತ ಹುಡುಗರು ತಮ್ಮದೇ ಮೇಳಗಳನ್ನು ಕಟ್ಟಿದರು. ಅವರಿಗೆ 'ದಾಕೋ', ಅಂದರೆ 'ಕಚ್ಚು ಬಿದ್ದವರ' ಪೀಳಿಗೆ ಎಂದೇ ಹೆಸರಾಯಿತು.

ಇದನ್ನೆಲ್ಲ ಓದಿದಾಗ ನನ್ನ ಮನಸ್ಸಿಗೆ ಬಂದದ್ದು ಒಂದು ಹಳೆಯ ತಪ್ಪು. ಹತ್ತನೆಯ ತರಗತಿಯ ಕೆಲವು ಹುಡುಗರು ಒಂದು ಕೈಬರಹದ ಪತ್ರಿಕೆ ನಡೆಸುತ್ತಿದ್ದರು. ನನ್ನ ಪಾಠದ ವೇಳೆ ಅದು ಬೆಂಚಿನಡಿ ಸಾಗುತ್ತಿದ್ದುದನ್ನು ಕಂಡು ಕಸಿದುಕೊಂಡೆ. ಪರೀಕ್ಷೆಯಾದ ಮೇಲೆ ಕೊಡುವೆನೆಂದಿದ್ದೆ, ಕೊಡಲಿಲ್ಲ. ವರ್ಗಾವಣೆಯ ಗಡಿಬಿಡಿಯಲ್ಲಿ ಅದು ಕಳೆದುಹೋಯಿತು. ಅದರಲ್ಲಿ ನನ್ನನ್ನೇ ಹಾಸ್ಯಮಾಡಿದ ಒಂದು ಪದ್ಯವಿತ್ತು. ಅದು ಚೆನ್ನಾಗಿಯೇ ಇತ್ತು. ಗುರುಗಳಿಲ್ಲದ ಬೀಜಿಂಗ್‌ನ ಹುಡುಗರು ತಾವಾಗಿ ಕಲಿತರು. ಗುರುವಿದ್ದ ಈ ಹುಡುಗರ ಕೈಯಿಂದ ಗುರುವೇ ಪತ್ರಿಕೆಯನ್ನು ಕಿತ್ತುಕೊಂಡನು. ಶಿಸ್ತು ಬೇಕು, ನಿಜ. ಆದರೆ ಆ ಹಾಳೆಗಳನ್ನು ಹಿಂದಿರುಗಿಸಿದ್ದರೆ ಶಿಸ್ತಿಗೇನೂ ಕುಂದು ಬರುತ್ತಿರಲಿಲ್ಲ.

ಅದನ್ನು ಬರೆದವರು ಇದನ್ನು ಓದುತ್ತಿದ್ದರೆ, ಈ ಮುದುಕ ಮೇಷ್ಟರನ್ನು ಕ್ಷಮಿಸಬೇಕು. ಆ ಪದ್ಯದ ಒಂದೆರಡು ಸಾಲು ನೆನಪಿದ್ದರೆ ಬರೆದು ಕಳುಹಿಸಿ. ಈ ಸಲ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.