ಹಿಡಿದ ಬುಷ್: ಅರಬೈಲಿನ ಜೀಪೊಂದರ ಪಾಟಾ ಬಿಚ್ಚಿದಾಗ ಕಂಡದ್ದು

ಮಲೆನಾಡಿನ ಹಳೆಯ ಫೋರ್‌ವ್ಹೀಲ್ ಜೀಪುಗಳಲ್ಲಿ ಪಾಟಾದ (ಲೀಫ್ ಸ್ಪ್ರಿಂಗ್) ಬುಷ್ ಕೆಟ್ಟರೆ ‘ಸವೆದಿದೆ’ ಎನ್ನುವುದು ರೂಢಿ. ಯಲ್ಲಾಪುರ ತಾಲ್ಲೂಕಿನ ಅರಬೈಲಿನಲ್ಲಿ, ಅಡಿಕೆ ತೋಟದ ಮನೆಯೊಂದರ ಹಳೆಯ ಮಹೀಂದ್ರ ಜೀಪಿನ ಹಿಂದಿನ ಪಾಟಾ ಬಿಚ್ಚುವಾಗ ಪಕ್ಕದಲ್ಲೇ ಕೂತು ನೋಡಿದ ಮೇಲೆ ಈ ಮಾತನ್ನು ತಿದ್ದಬೇಕೆನಿಸಿದೆ. ಅಲ್ಲಿ ಬುಷ್ ಸವೆದಿರಲಿಲ್ಲ. ಒಳಗೆ ತುಕ್ಕು ಹಿಡಿದು ಬೋಲ್ಟಿಗೆ ಕಚ್ಚಿಕೊಂಡಿತ್ತು. ಹೊರಗೆ ರಬ್ಬರ್ ಎಣ್ಣೆ ಕುಡಿದು ಉಬ್ಬಿತ್ತು. ಮೊದಲನೆಯದಕ್ಕೆ ಕಾರಣ ಇಲ್ಲಿನ ಮಳೆ. ಎರಡನೆಯದಕ್ಕೆ ಕಾರಣ ಮಳೆಗೆ ಹೆದರಿ ನಾವು ಮಾಡುವ ಉಪಚಾರ.

ಬುಷ್ ಎಂದರೆ ಎರಡು ಉಕ್ಕಿನ ಕೊಳವೆ, ನಡುವೆ ಬಿಗಿದು ಕೂರಿಸಿದ ರಬ್ಬರ್. ಹೊರಕೊಳವೆ ಪಾಟಾದ ತುದಿಯ ಕಣ್ಣಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಒಳಕೊಳವೆಯನ್ನು ಬೋಲ್ಟು, ಪಾಟಾವನ್ನು ಚಾಸಿಗೆ ಜೋಡಿಸುವ ಶಾಕಲ್ ಪಟ್ಟಿಗಳ ನಡುವೆ ಅದುಮಿ ಹಿಡಿಯುತ್ತದೆ. ಪಾಟಾ ಆಡಿದಾಗ ಲೋಹದ ಮೇಲೆ ಲೋಹ ಜಾರುವುದಿಲ್ಲ, ರಬ್ಬರ್ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಹಾಗಾಗಿ ಈ ರಬ್ಬರಿಗೆ ಗ್ರೀಸಿನ ಕೆಲಸವೇ ಇಲ್ಲ.

ತುಕ್ಕು ಹುಟ್ಟುವುದು ಬೋಲ್ಟಿಗೂ ಒಳಕೊಳವೆಗೂ ನಡುವಿನ ಕೂದಲೆಳೆಯ ಸಂದಿಯಲ್ಲಿ. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಇಳಿಯುವ ಅರಬೈಲ್ ಘಟ್ಟದಲ್ಲಿ 2021ರ ಜುಲೈನಲ್ಲಿ ಮಳೆಗೆ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಹೆದ್ದಾರಿಗೇ ಆ ಗತಿಯಾದರೆ ತೋಟದ ಕೆಮ್ಮಣ್ಣಿನ ರಸ್ತೆಯ ಪಾಡು ಹೇಳಬೇಕಿಲ್ಲ. ಸಂದಿಗೆ ಸೇರಿದ ಕೆಸರುನೀರು ಮಳೆಗಾಲ ಮುಗಿಯುವವರೆಗೂ ಆರುವುದಿಲ್ಲ. ಕಬ್ಬಿಣ ತುಕ್ಕಾದಾಗ ಎರಡು ಪಟ್ಟಿಗೂ ಮೀರಿ ಉಬ್ಬುವುದರಿಂದ ಸಂದಿ ತುಂಬಿ, ಬೋಲ್ಟೂ ಕೊಳವೆಯೂ ಒಂದೇ ತುಂಡಾಗುತ್ತವೆ.

ಇದಕ್ಕೆ ಮೈಲುತುತ್ತವನ್ನೂ (ತಾಮ್ರದ ಸಲ್ಫೇಟ್) ಸೇರಿಸಿ ನೋಡಬೇಕು. ತುತ್ತಕ್ಕೆ ಸುಣ್ಣ ಬೆರೆಸಿ ಅಡಿಕೆಯ ಕೊಳೆರೋಗಕ್ಕೆ ಕೊಳೆಮದ್ದು ತಯಾರಿಸುವವರು ದ್ರಾವಣದಲ್ಲಿ ಕತ್ತಿ ಅದ್ದಿ ಪರೀಕ್ಷಿಸುತ್ತಾರೆ. ಅಲಗಿಗೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ತುತ್ತದ ತಾಮ್ರ ಹೊರಬಂದು ಅಲಗಿನ ಮೇಲೆ ಕೂರುವಾಗ ಅಷ್ಟೇ ಕಬ್ಬಿಣ ಕರಗುತ್ತದೆ. ಸುಣ್ಣ ಸರಿಯಾಗಿ ಬೆರೆತ ಮದ್ದಿನಿಂದ ಈ ಭಯವಿಲ್ಲ. ಹರಿದ ಚೀಲದಿಂದ ಉದುರಿದ ಬರಿ ತುತ್ತ ಮಳೆನೀರಿನಲ್ಲಿ ಕರಗಿ ಚಾಸಿಗೆ ಇಳಿದರೆ, ಕತ್ತಿಗಾದದ್ದೇ ಬೋಲ್ಟಿಗೂ ಆಗುತ್ತದೆ. ತೋಟದ ಜೀಪು ತುತ್ತದ ಚೀಲ ಹೊರುವುದು ಜೋರು ಮಳೆಯ ತಿಂಗಳುಗಳಲ್ಲೇ.

ಬಿಚ್ಚುವ ದಿನ ನಟ್ಟು ಸುಲಭವಾಗಿ ಬಂತು. ಬೋಲ್ಟು ಬರಲಿಲ್ಲ. ಪಾನಾ ಹಾಕಿ ತಿರುಗಿಸಿದರೆ ಕಾಲು ಸುತ್ತು ಬಂದಂತಾಗುತ್ತಿತ್ತು, ಕೈ ಬಿಟ್ಟೊಡನೆ ಹಿಂದಕ್ಕೆ ಮರಳುತ್ತಿತ್ತು. ಬೋಲ್ಟು ಸಡಿಲಾಗುತ್ತಿದೆ ಎಂದು ಎಲ್ಲರಿಗೂ ಅನಿಸುವುದು ಇಲ್ಲೇ. ನಿಜಕ್ಕೂ ತಿರುಗುತ್ತಿದ್ದದ್ದು ರಬ್ಬರ್. ಸುತ್ತಿಗೆಯ ಪೆಟ್ಟಿಗೂ ಅದೇ ಗತಿ. ಒಂದೊಂದು ಪೆಟ್ಟನ್ನೂ ರಬ್ಬರ್ ನುಂಗಿ ಸುತ್ತಿಗೆಯನ್ನು ಮೇಲಕ್ಕೆ ಚಿಮ್ಮಿಸುತ್ತಿತ್ತು, ಬೋಲ್ಟಿನ ತುದಿ ಮಾತ್ರ ಅಣಬೆಯಂತೆ ಅಗಲವಾಯಿತು. ಬುಷ್ ಹಿಡಿದಾಗ ಹೊಡೆತದಿಂದ ಪ್ರಯೋಜನವಿಲ್ಲ ಎಂಬ ನನ್ನ ತೀರ್ಮಾನ ಇದನ್ನು ಕಂಡದ್ದರಿಂದ ಬಂದದ್ದು. ಕೊನೆಗೆ ಶಾಕಲ್ ಪಟ್ಟಿಗೂ ಪಾಟಾದ ಕಣ್ಣಿಗೂ ನಡುವೆ ಹ್ಯಾಕ್ಸಾ ಬ್ಲೇಡ್ ತೂರಿಸಿ, ಎರಡೂ ಬದಿಯಲ್ಲಿ ಬೋಲ್ಟನ್ನೇ ಕುಯ್ಯಬೇಕಾಯಿತು.

ಉಳಿದದ್ದು ಕಣ್ಣಿನೊಳಗಿನ ರಬ್ಬರ್ ಮತ್ತು ಹೊರಕೊಳವೆ. ಗ್ಯಾಸ್ ಬೆಂಕಿ ಹಿಡಿದು ರಬ್ಬರ್ ಸುಟ್ಟುಬಿಡೋಣ ಎಂಬ ಸಲಹೆ ಬಂತು. ನಾನು ಅದನ್ನು ಒಪ್ಪುವುದಿಲ್ಲ. ಕಣ್ಣು ಇರುವುದು ಪಾಟಾದ ಮುಖ್ಯ ಎಲೆಯಲ್ಲಿ. ಅದು ಹದ ಕೊಟ್ಟ ಉಕ್ಕು, ಕೆಂಪಗೆ ಕಾಯಿಸಿದರೆ ಹದ ಕಳೆದುಕೊಳ್ಳುತ್ತದೆ. ರಬ್ಬರ್ ಹೊಗೆಯಂತೂ ವಿಷ. ರಬ್ಬರನ್ನು ಒಳಕೊಳವೆಯ ಸಮೇತ ಹೊರತೆಗೆದು, ಬ್ಲೇಡನ್ನು ಕಣ್ಣಿನೊಳಗೆ ತೂರಿಸಿ, ಆಮೇಲೆ ಹಿಡಿಗೆ ಸಿಕ್ಕಿಸಿ, ಒಳಗಿನಿಂದ ಕೊಳವೆಯನ್ನು ಉದ್ದಕ್ಕೆ ಸೀಳುವುದು ನಿಧಾನವಾದರೂ ಸರಿಯಾದ ದಾರಿ. ಕೊಳವೆ ತೆಳು, ಬ್ಲೇಡ್ ದಾಟಿತೆಂದರೆ ಕಣ್ಣಿಗೇ ಗೀರು ಬೀಳುತ್ತದೆ. ಮುಂದೆ ಪಾಟಾ ಕಟ್ ಆಗುವುದು ಅಂಥ ಗೀರಿನಿಂದಲೇ. ಸೀಳಿದ ಅಂಚನ್ನು ಚಾಣದಿಂದ ಒಳಕ್ಕೆ ಮಡಚಿದ ಕೂಡಲೇ ಕೊಳವೆ ಕೈಗೆ ಬಂತು.

ಆ ರಬ್ಬರ್ ಬೆರಳಿಗೆ ಅಂಟುವಷ್ಟು ಮೆತ್ತಗಿತ್ತು. ಮಳೆಗಾಲಕ್ಕೆ ಮುಂಚೆ ಚಾಸಿಗೆ ಹಳೆಯ ಎಂಜಿನ್ ಆಯಿಲ್ ಹೊಡೆಸುವುದು ನಮ್ಮ ಕಡೆಯ ವಾಡಿಕೆ. ಚಾಸಿನ ಕಬ್ಬಿಣಕ್ಕೆ ಅದು ಒಳ್ಳೆಯದೇ, ನೈಸರ್ಗಿಕ ರಬ್ಬರಿಗೆ ಮಾತ್ರ ಖನಿಜ ತೈಲ ಶತ್ರು. ಈ ಅಭ್ಯಾಸದ ಬೇರು ಹಳೆಯ ಜೀಪಿನಲ್ಲೇ ಇದೆ ಎಂಬುದು ನನ್ನ ಊಹೆ. ಎರಡನೇ ಮಹಾಯುದ್ಧದ ವಿಲಿಸ್ ಎಂಬಿ ಜೀಪಿನ ಶಾಕಲ್‌ಗಳಲ್ಲಿ ರಬ್ಬರ್ ಬುಷ್ ಇರಲಿಲ್ಲ. ಅಲ್ಲಿದ್ದದ್ದು ಇಂಗ್ಲಿಷಿನ ‘ಯು’ ಆಕಾರದ ಶಾಕಲ್, ಅದರ ಮೇಲೆ ಮರೆ (ತಿರುಪು) ಕೊರೆದ ಉಕ್ಕಿನ ಬುಷ್. ಕೆಲವಕ್ಕೆ ಬಲಮರೆ, ಕೆಲವಕ್ಕೆ ಎಡಮರೆ. ಗ್ರೀಸ್ ತಪ್ಪಿದರೆ ಅವು ಕೆಟ್ಟೇಹೋಗುತ್ತಿದ್ದವು. ಬುಷ್ ಬದಲಾದರೂ ಎಣ್ಣೆ ಹಾಕುವ ಕೈ ಬದಲಾಗಲಿಲ್ಲ.

ಹೊಸ ಬುಷ್ ಕೂರಿಸುವಾಗ ಗ್ರೀಸ್ ಬೋಲ್ಟಿನ ಮೈಗೆ ಮಾತ್ರ ತೆಳ್ಳಗೆ ಸವರಿದೆವು, ರಬ್ಬರಿಗೆ ತಾಗದಂತೆ. ಗಾಲಿಗಳನ್ನು ನೆಲಕ್ಕಿಳಿಸಿ, ಜೀಪಿನ ಪೂರ್ತಿ ಭಾರ ಪಾಟಾದ ಮೇಲೆ ಬಿದ್ದ ಮೇಲೆಯೇ ನಟ್ಟು ಕೊನೆಯ ಬಿಗಿ ಕಂಡಿತು. ಜಾಕಿನ ಮೇಲೆ ಇರುವಾಗಲೇ ಬಿಗಿದರೆ, ಜೀಪು ಅಂಗಳದಲ್ಲಿ ಸುಮ್ಮನೆ ನಿಂತಿದ್ದಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತದೆ.